ಬಲ್ಬಿಗೆ ಗೊತ್ತಾಗೂದಿಲ್ಲ

ಬಾಗಲಕೋಟೆಯ ಪಾಲಿಟೆಕ್ನಿಕ್ಕಿನಲ್ಲಿ ನಮಗೆ ಸರ್ಕಿಟ್ ಕಲಿಸುತ್ತಿದ್ದ ಸರ್, ಬೋರ್ಡಿನ ತುಂಬ ಬ್ಯಾಟರಿ, ರೆಸಿಸ್ಟರ್‌ಗಳ ಜಾಲ ಬರೆದು, ಬಲ್ಬೊಂದನ್ನು ಉಳಿಸಿ ಮಿಕ್ಕಿದ್ದೆಲ್ಲವನ್ನೂ ಅಂಗೈಯಿಂದ ಒರೆಸಿಬಿಡುತ್ತಿದ್ದರು. ಆ ಜಾಗದಲ್ಲಿ ಒಂದೇ ಬ್ಯಾಟರಿ, ಒಂದೇ ರೆಸಿಸ್ಟರ್ ಬರೆದು, ಪ್ಯಾಂಟಿಗೆ ಕೈ ಒರೆಸಿಕೊಂಡು ಹೇಳುತ್ತಿದ್ದರು: “ಒಳಗ ಏನ್ ಬದಲಾದ್ರೂ ಬಲ್ಬಿಗೆ ಗೊತ್ತಾಗೂದಿಲ್ಲ.”

ಲೆಕ್ಕ ಸರಿ ಬರುತ್ತಿತ್ತು; ಬಲ್ಬಿಗೆ ಹೋಗುವ ಕರೆಂಟು ಮೊದಲಿನಷ್ಟೇ. ಅಷ್ಟೊಂದು ರೆಸಿಸ್ಟರ್‌ಗಳು ಎಲ್ಲಿ ಹೋದವೆಂಬುದು ಮಾತ್ರ ನನ್ನ ತಲೆಗೆ ಹೋಗುತ್ತಿರಲಿಲ್ಲ.

ಪಡಸಾಲೆ, ಹಿತ್ತಲು, ಬಾವಿ ಇದ್ದ ಸರ್ ಅವರ ಹಳೆ ಊರಿನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅವರು ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರಕ್ಕೆ, ನಮ್ಮ ಪಕ್ಕದ ಓಣಿಗೆ ಬಂದರು. ಅಲ್ಲಿ ಮನೆಗಳೆಲ್ಲ ಒಂದೇ ನಮೂನೆ. ಆ ವಾರವೇ ಒಂದು ಸಂಜೆ ಸರ್ ನಮ್ಮ ಮನೆಯೊಳಗೆ ಬಂದು, ಚಪ್ಪಲಿ ಬಿಟ್ಟು, ಅಂಗಿಯ ಗುಂಡಿ ಬಿಚ್ಚುತ್ತ ಕುರ್ಚಿಯಲ್ಲಿ ಕೂತು, “ನೀರ್ ತಾ” ಎಂದರು. ನಮ್ಮವ್ವ ಗಾಬರಿಯಾಗಿ ತಂಬಿಗೆ ಹಿಡಿದು ಬಂದಳು. ಸರ್ ಅವಳನ್ನು ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು.

“ನಿಮ್ಮನಿ ಆಚೆ ಓಣ್ಯಾಗ ಐತ್ರಿ, ಸರ್,” ಎಂದೆ.

“ಹೊರಗಿಂದ ನಮ್ಮನಿ ಹಂಗ ಐತಲ್ಲೋ,” ಎಂದು ನೀರು ಕುಡಿಯದೆ ಎದ್ದರು.

ಮರುದಿನ ಕ್ಲಾಸಿನಲ್ಲಿ ಬೋರ್ಡ್ ಒರೆಸಲು ಸರ್ ಎತ್ತಿದ ಕೈ ಅರ್ಧಕ್ಕೇ ನಿಂತಿತು. “ಬಲ್ಬಿಗೆ ಗೊತ್ತಾಗೂದಿಲ್ಲ,” ಎಂದವರು ನನ್ನ ಕಡೆ ನೋಡಿ ಮೆಲ್ಲಗೆ ಸೇರಿಸಿದರು: “ಅಂತ ನಾವ ತಿಳ್ಕೊಂಡೀವಿ.”