ಉಪ್ಪಿನ ಜಗಳಕ್ಕೆ ದನಿ ಕೊಡುವುದು

ಮೊಬೈಲಿನಲ್ಲಿ ಬರೆದ ಮಾತಿಗೆ ದನಿ ಇರುವುದಿಲ್ಲ, ಓದುವವನೇ ಕೊಡಬೇಕು. ನಾನಂತೂ ಎಲ್ಲರಿಗೂ ಒಂದೇ ದನಿ ಕೊಡುವವನು, ಜಗಳಗಂಟನ ದನಿ.

ಪುಣೆಯ ಮಳೆ ಈ ಸಲ ಬಿಡುವ ಲಕ್ಷಣವಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಒಳರಸ್ತೆ ಪಾಚಿಗಟ್ಟಿದೆ. ಹೋದ ತಿಂಗಳು ನನ್ನಾಕೆ ಅಲ್ಲೇ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. ಮತ್ತೆ ನಡೆದಾಳೇ ಎಂದರೆ ಡಾಕ್ಟರು 'ನೋಡೋಣ' ಎನ್ನುತ್ತಾರೆ. ಆ ಮಾತು ಇಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ.

ರಸ್ತೆಗೆ ಉಪ್ಪು ಹಾಕಿದರೆ ಪಾಚಿ ಸಾಯುತ್ತದೆಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು. ತಗೋ, ಶುರುವಾಯಿತು! ಸ್ಕೂಟರು ತುಕ್ಕು ಹಿಡಿಯುತ್ತದೆ ಎಂದೊಬ್ಬರು. ಚಳಿದೇಶಗಳಲ್ಲಿ ಹಿಮ ಕರಗಿಸಲು ಹಾಕುವುದಿಲ್ಲವೇ ಎಂದು ಹಿಂಜವಾಡಿಯ ಐಟಿ ಕಂಪನಿಯ ಇಂಜಿನಿಯರೊಬ್ಬರು. ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ. ಉಪ್ಪು ತಿಂದ ರಸ್ತೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳಿಲ್ಲ. ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕೆಳಗಿನ ಮನೆಯ ಮುದುಕಿ ಮಾತ್ರ ಮರಾಠಿಯಲ್ಲಿ ಇಷ್ಟೇ ಬರೆದಿದ್ದರು: 'ಉಪ್ಪು ಬೇಡ. ನೋಡಿಕೊಂಡು ನಡೆಯಿರಿ.' ನನ್ನ ಮೈಯೆಲ್ಲ ಉರಿಯಿತು.

ಹಾಸಿಗೆ ಹಿಡಿದ ನನ್ನಾಕೆಗೆ ಬೇಸರ ಕಳೆಯಲೆಂದು ಇದನ್ನೆಲ್ಲ ನಾನೇ ಓದಿ ಹೇಳುತ್ತೇನೆ. ಕಾಕುವಿನ ಸಾಲನ್ನು ಹಲ್ಲು ಕಡಿಯುತ್ತಲೇ ಓದಿದೆ.

"ಹಂಗ್ಯಾಕ ಓದ್ತೀರಿ? ಕಾಕು ಹಂಗ ಮಾತಾಡಂಗಿಲ್ಲ. ರಸ್ತೆ ದಂಡಿಗೆ ಪಾರಿಜಾತದ ಗಿಡ ಅದ ಅಲ್ಲ, ಅವರ ಯಜಮಾನ್ರು ಹಚ್ಚಿದ್ದದು. ಅವರು ಹೋದ ಮ್ಯಾಲ ಅದೊಂದ ಉಳದದ. ಉಪ್ಪು ಬಿದ್ರ ಬದಕತದೇನು? ಇನ್ನೊಮ್ಮೆ ಓದ್ರಿ, ಸಾವಕಾಶ."

ಓದಿದೆ. ಅದೇ ಅಕ್ಷರಗಳು, ಈ ಸಲ ಯಾರೋ ಕೈಮುಗಿದು ಬೇಡಿಕೊಂಡಂತೆ ಕೇಳಿಸಿತು. ಹಾಗೆಂದು ಸಿಟ್ಟು ಪೂರ್ತಿ ಇಳಿಯಿತೇ? ಇಲ್ಲ. ಪಾರಿಜಾತಕ್ಕಾದರೂ ಬೇರುಗಳಿವೆ, ನನ್ನಾಕೆಯ ಸೊಂಟದಲ್ಲಿರುವುದು ಸ್ಟೀಲಿನ ಮೊಳೆ.

"ಮುಂದ?" ಎಂದಳು.

ಮುಂದಿನದು ಕಾಕುವಿಗೆ ನಾನೇ ಬರೆದ ಉತ್ತರ. ಹೆಸರು ಹೇಳದೆ ಓದಿದೆ: 'ನೀವೂ ಒಂದು ಸಲ ಬಿದ್ದು ನೋಡಿ, ಆಗ ಗೊತ್ತಾಗುತ್ತದೆ.' ಇದಕ್ಕೆ ಕೊಡಲು ಮೆತ್ತನೆಯ ದನಿಯೊಂದನ್ನು ಹುಡುಕಿದೆ, ಸಿಗಲಿಲ್ಲ.

ಅವಳು ಕಿಟಕಿಯಾಚೆಯ ಮಳೆಯನ್ನೇ ನೋಡುತ್ತಿದ್ದಳು.

"ಪಾಪ, ಯಾರೋ ಭಾಳ ಅಂಜ್ಯಾರ ನೋಡ್ರಿ," ಎಂದಳು. "ನಾ ನಡೀತೀನಿ ಅಂತ ಬರೀರಿ ಅವರಿಗೆ."

ನಾನು ಆ ಸಾಲನ್ನು ಅಳಿಸಿದೆ. ಗುಂಪಿನಲ್ಲಿ ಈಗ ನನ್ನ ಹೆಸರಿನ ಕೆಳಗೆ 'ಈ ಸಂದೇಶವನ್ನು ಅಳಿಸಲಾಗಿದೆ' ಎಂದಷ್ಟೇ ಇದೆ. ಕಾಕು ಅದನ್ನು ಯಾವ ದನಿಯಲ್ಲಿ ಓದಿಕೊಳ್ಳುತ್ತಾರೋ.