ಯಜಮಾನರಿಗೂ ಕೆಂಪು ದೀಪ

ಎರಡು ಲಕ್ಷದ ವ್ಯಾಪಾರ. ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯ ಗೇಟಿಗೆ ತಪಾಸಣೆ ಯಂತ್ರ. ಮನೆಗೆ ಹೊರಟವರು ಗುಂಡಿ ಒತ್ತಬೇಕು. ಕೆಂಪು ದೀಪ ಹತ್ತಿದರೆ ಬೇರಿಂಗ್ ಕದ್ದಿಲ್ಲವೆಂದು ಜೇಬು ತೋರಿಸಬೇಕು. ಹಳೇ ಯಂತ್ರ ಐದು ಜನಕ್ಕೊಮ್ಮೆ ಕೆಂಪು ಹತ್ತಿಸುತ್ತಿತ್ತು, ಕೆಲಸದವರು ಎಣಿಸಿಕೊಂಡು ಸಾಲಿನಲ್ಲಿ ಜಾಗ ಬದಲಿಸುತ್ತಿದ್ದರು. ನಾನು ಮಾರಲು ತಂದದ್ದು ಕ್ವಾಂಟಮ್ ಯಂತ್ರ.

ಯಜಮಾನರೂ ಕಾರ್ಖಾನೆಯ ಲೆಕ್ಕ ನೋಡುವ ಅವರ ಹೆಂಡತಿಯೂ ಗೇಟಿಗೆ ಬಂದರು.

"ಬೆಳಕಿನ ಕಣ ಗಾಜಿಗೆ ಬಡಿದು ಒಂದು ಕಡೆ ಹೋದ್ರೆ ಕೆಂಪು, ಇನ್ನೊಂದು ಕಡೆ ಹೋದ್ರೆ ಹಸಿರು. ಎತ್ತ ಹೋಗುತ್ತೆ ಅಂತ ಯಾರಿಗೂ ಮೊದಲೇ ಗೊತ್ತಾಗಲ್ಲ ಸಾರ್," ಅಂದೆ.

"ನಾನು ಓನರ್ ಅಂತಾದ್ರೂ ಗೊತ್ತಾಗುತ್ತೇನ್ರೀ?" ಎಂದು ನಗುತ್ತಾ ಗುಂಡಿ ಒತ್ತಿದರು. ಕೆಂಪು. ಮತ್ತೆ ಒತ್ತಿದರು. ಮತ್ತೂ ಕೆಂಪು. ಆರ್ಡರ್ ಕೈತಪ್ಪಿತು ಅಂದುಕೊಂಡೆ.

ಗದಗಿನ ಕಡೆಯ ಸೆಕ್ಯುರಿಟಿಯವನು ಮುಂದೆ ಬಂದ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ರೂಲ್ಸ್ ಅದ. ಕೈ ಎತ್ರಿ."

ಜೇಬಿನಿಂದ ಬಂದದ್ದು ತುಪ್ಪ ಸೋರುತ್ತಿದ್ದ ಮೈಸೂರುಪಾಕಿನ ಪೊಟ್ಟಣ.

"ಶುಗರ್ ಮುನ್ನೂರಿದೆ. ಏನ್ರೀ ಇದು?" ಎಂದರು ಹೆಂಡತಿ.

"ಈ ಯಂತ್ರ ಸರಿಯಿಲ್ಲ ಕಣೇ!"

"ಬಹಳ ಸರಿಯಾಗಿದೆ," ಎಂದು ಅವರು ನನ್ನ ಕಡೆ ತಿರುಗಿದರು. "ಇನ್ನೊಂದು ಕೊಡಿ, ನಮ್ಮ ಮನೆ ಬಾಗಿಲಿಗೆ."

ಒಂದು ಮಾರಲು ಹೋದವನಿಗೆ ಸಿಕ್ಕಿದ್ದು ಎರಡು ಯಂತ್ರದ ಆರ್ಡರ್, ಜೊತೆಗೆ ಜಪ್ತಿಯಾದ ಕಾಲು ಕಿಲೋ ಮೈಸೂರುಪಾಕು.