ಹಿಟ್ಟಿನಲ್ಲಿ ಕಲಿತ ಸಹಿ

ಇಂದು ಬೆಳಿಗ್ಗೆ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಬಹಳ ದಿನದ ಮೇಲೆ ತವರಿನವರು ಬಂದು ಬಾಗಿಲಲ್ಲಿ ನಿಂತ ಹಾಗೆ ಆ ವಾಸನೆ ಎದುರಿಗೆ ಬಂತು. ಹರಿಹರದ ನಮ್ಮ ಓಣಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ನಾನು ರೊಟ್ಟಿ ಅಮ್ಮ. ಅಂಥವಳು ರೊಟ್ಟಿ ತಟ್ಟುವುದನ್ನು ಬಿಟ್ಟು, ಎರಡು ಹೊತ್ತೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮದುಮಗಳ ಹಾಗೆ ಕೂತಿದ್ದೆ ಎಂದರೆ ನೀವು ನಗುತ್ತೀರಿ. ನಗಿರಿ. ನಾನೂ ನಗುತ್ತಲೇ ಇದ್ದೇನೆ. ಯಾಕೆಂದು ಹೇಳುತ್ತೇನೆ, ಹೀಗೆ ಹತ್ತಿರ ಕೂತುಕೊಳ್ಳಿ.

ನಾನು ಅಜ್ಜಿಯಾಗಿದ್ದೇನೆ. ಇದನ್ನು ಮೊದಲು ಹೇಳಬೇಕಿತ್ತು. ಸಂತೋಷ ಹೆಚ್ಚಾದರೆ ನನಗೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗುತ್ತದೆ. ನನ್ನ ಒಬ್ಬಳೇ ಮಗಳು ಲೀಲಾ ಇಂಗ್ಲೆಂಡಿನಲ್ಲಿ ನರ್ಸು. ಅಳಿಯ ಅಲ್ಲೇ ಸಿಟಿ ಬಸ್ಸು ಓಡಿಸುತ್ತಾನೆ. ಅವರಿಗೆ ಹೆಣ್ಣು ಕೂಸು. ಫೋನಿನಲ್ಲಿ ಬಂದ ಫೋಟೋವನ್ನು ನಾನು ತೋರಿಸದ ಜನವಿಲ್ಲ. ಸೊಪ್ಪು ಮಾರುವವಳಿಗೆ ಎರಡು ಸಲ ತೋರಿಸಿದೆ. ಎರಡನೆಯ ಸಲ ಅವಳು, "ನಿನ್ನೆ ನೋಡಿದ್ದೇ ಕೂಸಲ್ಲೇನ್ರಿ ಅಮ್ಮಾರೆ?" ಎಂದಳು. "ನಿನ್ನೆಗಿಂತ ಬೆಳೆದೈತೆ, ಸರಿಯಾಗಿ ನೋಡು" ಎಂದೆ.

ನಾನು ಎತ್ತಿಕೊಳ್ಳುವ ಮೊದಲೇ ಬೆಳೆಯುತ್ತಿದ್ದದ್ದೇ ನನ್ನ ಚಿಂತೆ. ಲೀಲಾಳಿಗೆ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದ್ದರು. ಅಳಿಯನ ರಜೆ ಮುಗಿಯುತ್ತ ಬಂದಿತ್ತು. ಓಣಿಯ ಬಾಣಂತಿಯರಿಗೆಲ್ಲ ನೀರು ಹಾಕಿದವಳು ನಾನು, ನನ್ನ ಮಗಳ ಬೆನ್ನಿಗೆ ಒಂದು ತಂಬಿಗೆ ಬಿಸಿನೀರು ಹಾಕುವವರಿಲ್ಲ. "ಅವ್ವ, ನೀ ಬಾ" ಎಂದಳು ಫೋನಿನಲ್ಲಿ. ಅಷ್ಟೇ ಅಂದದ್ದು. ಬಾ ಎಂದ ಕೂಡಲೇ ಸೀರೆ ಬದಲಿಸಿ ಹೊರಡಲು ಅದೇನು ಇಲ್ಲೇ ಪಕ್ಕದ ಆನಗೋಡೇ? ವೀಸಾ ಬೇಕು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ವೀಸಾ ಅರ್ಜಿ ತುಂಬಿಕೊಡುವ ಒಂದು ಆಫೀಸಿದೆ ಎಂದು ಯಾರೋ ಹೇಳಿದರು. ನಮ್ಮ ಮನೆಯವರೂ ನಾನೂ ಬಸ್ಸು ಹತ್ತಿ ಹೋದೆವು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು "ಬರ್ರಿ ಅಮ್ಮ, ಕೂಡ್ರಿ" ಎಂದು ನೀರು ಕೊಟ್ಟು ಒಂದೊಂದೇ ಕೇಳುತ್ತ ಬಂದಳು. "ಮಗಳ ಮನೇಲಿ ಸ್ವಲ್ಪ ದಿನ ಇದ್ದು ವಾಪಸ್ ಬಂದೇ ಬರ್ತೀರಿ ಅನ್ನೋದಕ್ಕೆ ಆಧಾರ ಏನೈತ್ರಿ?"

ನಾನು ಚೀಲ ತಡಕಿ ಆಧಾರ್ ಕಾರ್ಡು ತೆಗೆದು ಅವಳ ಮುಂದಿಟ್ಟೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಈ ಆಧಾರ ಅಲ್ರಿ ಅಮ್ಮ. ವಾಪಸ್ ಬರಾಕೆ ಏನು ಕಾರಣ ಐತೆ ಅಂತ. ಮನೆ, ಸಂಸಾರ, ಹಂಗೆ."

ಅಲ್ಲಿಯವರೆಗೆ ಫ್ಯಾನು ನೋಡುತ್ತಿದ್ದ ನಮ್ಮ ಮನೆಯವರು ಕುರ್ಚಿಯಲ್ಲಿ ನೆಟ್ಟಗಾದರು. "ನನ್ನ ಹೆಸರು ಬರಕೊಳ್ರಿ. ಅನ್ನಕ್ಕೆ ನೀರೆಷ್ಟು ಇಡಬೇಕು ಅಂತ ಗೊತ್ತಿಲ್ಲದ ಗಂಡ ಊರಾಗೆ ಅದಾನ ಅಂತ ಬರೀರಿ. ಅದಕ್ಕಿಂತ ದೊಡ್ಡ ಆಧಾರ ಬೇಕೇನು?"

ಎಲ್ಲರೂ ನಕ್ಕೆವು. ನಗು ಮುಗಿಯುವ ಮೊದಲೇ ಅವಳು, "ಇನ್ನೊಂದೇ ಕೆಲಸ ಅಮ್ಮ. ಬೆಂಗಳೂರಿಗೆ ಹೋಗಿ ಹತ್ತೂ ಬೆರಳು ಒತ್ತಿ ಬರಬೇಕು" ಎಂದಳು. ನನ್ನ ಮುಖ ಬಿಸಿಯಾಯಿತು. "ನಾ ಹೆಬ್ಬೆಟ್ಟಲ್ಲವ್ವ. ನಂಗೆ ಸೈನು ಬರ್ತೈತೆ" ಎಂದೆ.

"ಅಯ್ಯೋ, ಡಾಕ್ಟ್ರಾದ್ರೂ ಒತ್ತಬೇಕ್ರಿ ಅಲ್ಲಿ."

ಒತ್ತಲಿ ಬಿಡಿ. ಆಧಾರಿಗೂ ಪಾಸ್‌ಪೋರ್ಟಿಗೂ ನಾನೂ ಬೆರಳು ಕೊಟ್ಟಿದ್ದೆ. ಅದು ನಮ್ಮ ಸರ್ಕಾರ, ಮನೆಯೊಳಗಿನ ಮಾತು. ಆದರೆ ಮಗಳು ನೌಕರಿ ಮಾಡುವ ದೇಶದವರು ಈ ನರ್ಸಿನ ತಾಯಿ ಹೆಬ್ಬೆಟ್ಟು ಎಂದು ತಿಳಿದುಕೊಂಡರೆ? ನೋಡಿ ನನ್ನ ಜಂಬ! ಆ ದೇಶದವರಿಗೆ ನನ್ನನ್ನು ನೆನೆಸುವುದೇ ಕೆಲಸವೋ ಎನ್ನುವ ಹಾಗೆ.

ಹೆಬ್ಬೆಟ್ಟು ಎಂದರೆ ನಮ್ಮ ಕಡೆ ಬೆರಳಿನ ಹೆಸರು ಮಾತ್ರವಲ್ಲ, ಓದು ಬಾರದವರ ಹೆಸರೂ ಹೌದು. ನಾನು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಕಲಿತ ಅಕ್ಷರ ಒಲೆಯ ಹೊಗೆಯಲ್ಲಿ ಎಲ್ಲಿ ಹೋದವೋ. ಲೀಲಾ ಮೂರನೆಯ ಕ್ಲಾಸಿನಲ್ಲಿದ್ದಾಗ ಒಮ್ಮೆ ಮಾರ್ಕ್ಸ್ ಕಾರ್ಡಿಗೆ ಸಹಿ ಬೇಕಾಗಿತ್ತು. ಅವರಪ್ಪ ಮಿಲ್ಲಿನ ಪಾಳಿಗೆ ಹೋಗಿದ್ದರು. ನಾನು ಪಕ್ಕದ ಅಂಗಡಿಯಲ್ಲಿ ಮಸಿ ಹಚ್ಚಿಸಿಕೊಂಡು ಹೆಬ್ಬೆರಳು ಒತ್ತಿ ಕಳಿಸಿದೆ. ಮರುದಿನ ಶಾಲೆಯಲ್ಲಿ ಹುಡುಗಿಯರು "ಇವರವ್ವ ಹೆಬ್ಬೆಟ್ಟು, ಇವರವ್ವ ಹೆಬ್ಬೆಟ್ಟು" ಎಂದು ರಾಗ ಎಳೆದರಂತೆ.

ಮಗಳು ಅಳಲಿಲ್ಲ. ಚೀಲ ಇಟ್ಟು ಬಂದು, ನಾನು ರೊಟ್ಟಿ ತಟ್ಟುತ್ತಿದ್ದ ಹಲಗೆಯ ಮುಂದೆ ಕೂತಳು. ಹಲಗೆಯ ಮೇಲೆ ಹಿಟ್ಟು ಹರಡಿದಳು. ನನ್ನ ತೋರುಬೆರಳು ಹಿಡಿದು, "ಬರಿ, ನಿನ್ನ ಹೆಸರು ಬರಿ" ಎಂದಳು. ನಮ್ಮ ಕಡೆ ಹೆಂಗಸರ ಹೆಸರಿಗೆಲ್ಲ ಕೊನೆಗೊಂದು ಅಮ್ಮ ಅಂಟಿರುತ್ತದಲ್ಲ, ನನ್ನದೂ ಹಾಗೇ. ಮಿಕ್ಕ ಅಕ್ಷರಗಳು ಹೇಗೋ ಬಂದವು, ಮ ಕೆಳಗಿನ ಆ ಒತ್ತು ಮಾತ್ರ ಬರಲೊಲ್ಲದು. "ಅದೊಂದು ಬಿಟ್ಟುಬಿಡಾನ ತಗಾ, ರೊಟ್ಟಿ ಹೊತ್ತತೈತೆ" ಎಂದೆ.

"ಒತ್ತು ಬಿಟ್ರೆ ನೀ ಅಮ್ಮ ಅಲ್ಲ, ಬರೇ ಅಮ ಆಗ್ತಿ. ಅಮ ಯಾರಿಗೆ ಬೇಕು?"

ಆ ಹೊತ್ತು ಎಷ್ಟು ರೊಟ್ಟಿ ಸೀದವೋ. ಬರೆದದ್ದನ್ನು ಅಂಗೈಯಲ್ಲಿ ಸವರಿ ಅಳಿಸುವಳು, ಮತ್ತೆ ಬೆರಳು ಹಿಡಿಯುವಳು. ಮುಂದಿನ ಮಾರ್ಕ್ಸ್ ಕಾರ್ಡಿಗೆ ನಾನೇ ಸಹಿ ಹಾಕಿದೆ. ಆಮೇಲೆ ನನಗೆ ಸಹಿಯ ಹುಚ್ಚೇ ಹಿಡಿಯಿತು. ಪೋಸ್ಟ್‌ಮ್ಯಾನ್ ಸುಮ್ಮನೆ ಒಂದು ಲಗ್ನಪತ್ರಿಕೆ ಕೊಟ್ಟರೂ "ಸೈನು ಎಲ್ಲಿ ಹಾಕಲಿ?" ಎನ್ನುತ್ತಿದ್ದೆ.

ಮಿಲ್ಲು ನಿಂತ ಮೇಲೆ ಖಾನಾವಳಿಗಳಿಗೆ ರೊಟ್ಟಿ ತಟ್ಟಿ ಕೊಡಲು ಶುರುಮಾಡಿದೆ. ಲೀಲಾಳ ನರ್ಸಿಂಗ್ ಓದು ಅದರಲ್ಲೇ ಆಯಿತು. ಕಾದ ಹಂಚು, ಬಿಸಿ ಹಿಟ್ಟು. ತಟ್ಟಿ ತಟ್ಟಿ ಬೆರಳ ತುದಿಯ ಗೆರೆಗಳು ಸವೆದು ಒರಳುಗುಂಡಿನ ಹಾಗೆ ನುಣ್ಣಗಾದವು. ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆರಳನ್ನು ಎಂದೂ ಒಂದೇ ಸಲಕ್ಕೆ ಒಪ್ಪಿದ್ದಿಲ್ಲ. ಹಾಗಾಗಿ ಪಿ.ಜೆ. ಬಡಾವಣೆಯಲ್ಲಿ ಬಾಯಲ್ಲಿ ಜಂಬದ ಮಾತಾಡಿದೆನೇ ಹೊರತು ಒಳಗೆ ಇದ್ದದ್ದು ಹೆದರಿಕೆ. ಬೆರಳು ಮೂಡದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಕೂಸನ್ನು ಫೋನಿನಲ್ಲೇ ಎತ್ತಿಕೊಳ್ಳಬೇಕು.

ಆ ಹೆಣ್ಣುಮಗಳು ನನ್ನ ಕೈ ತಿರುಗಿಸಿ ನೋಡಿ, "ಅಮ್ಮ, ಬೆಂಗಳೂರಿಗೆ ಹೋಗೋ ತನಕ ರೊಟ್ಟಿ ಬ್ಯಾಡ. ಎಣ್ಣೆ ಹಚ್ಚಿ ಬೆರಳು ಮೆತ್ತಗೆ ಮಾಡ್ಕಳ್ರಿ" ಎಂದಳು. ಹಾಗೇ ಮಾಡಿದೆ. ನಮ್ಮ ಮನೆಯವರು ಒಂದು ದಿನ ತಾವೇ ರೊಟ್ಟಿ ತಟ್ಟಿದರು. ಪಕ್ಕದ ಮನೆಯಾಕೆ ಇಣುಕಿ, "ಅಣ್ಣಾರೆ, ಚಪ್ಪಲಿಗೆ ಅಟ್ಟೆ ಕೊಯ್ತೀರೇನ್ರಿ?" ಎಂದಳು. ಅಂದಿನಿಂದ ಅನ್ನ, ಅದೂ ಗಂಜಿಯಂಥ ಅನ್ನ.

ಬೆಂಗಳೂರಿನ ಆಫೀಸಿನಲ್ಲಿ ಗಾಜಿನ ಯಂತ್ರದ ಮೇಲೆ ಬೆರಳಿಟ್ಟೆ. ಕೆಂಪು ದೀಪ ಬಂತು. ಒರೆಸಿ ಮತ್ತೆ ಇಟ್ಟೆ, ಮತ್ತೆ ಕೆಂಪು. "ತಾಯಿ, ನಂಗೆ ಸೈನು ಬರ್ತೈತೆ. ಅದನ್ನ ತಗಾ" ಎಂದು ಕೇಳಿಕೊಂಡೆ.

ಅಲ್ಲಿದ್ದ ಹುಡುಗಿ ನಗಲಿಲ್ಲ. "ನೋಡಿದೆ ಅಮ್ಮ, ಪಾಸ್‌ಪೋರ್ಟಿನಲ್ಲಿದೆ. ಒತ್ತು ಎಷ್ಟು ದುಂಡಗೆ ಬರೆದಿದ್ದೀರಿ! ನಮ್ಮಜ್ಜಿ ಬೆರಳೂ ಹೀಗೇ ಇದ್ದವು. ಇರಿ, ಅವಸರ ಇಲ್ಲ" ಎಂದು ಎದ್ದು ನನ್ನ ಪಕ್ಕಕ್ಕೆ ಬಂದಳು. ನನ್ನ ಒಂದೊಂದೇ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಮೆಲ್ಲಗೆ ಗಾಜಿಗೆ ಒತ್ತಿದಳು. ಹಿಟ್ಟಿನ ಮೇಲೆ ಲೀಲಾ ಹಿಡಿದಿದ್ದಳಲ್ಲ, ಹಾಗೆಯೇ. ಕೊನೆಗೆ ಹಸಿರು ಬಂತು. ಅವಳ ಹೆಸರು ಕೇಳಲು ಮರೆತೆ. ಈಗ ದೇವರಿಗೆ ದೀಪ ಹಚ್ಚುವಾಗ, ಆ ಬೆರಳು ಹಿಡಿದವಳು ಸುಖವಾಗಿರಲಿ ಎನ್ನುತ್ತೇನೆ. ದೇವರಿಗೆ ತಿಳಿಯುತ್ತದೆ.

ಇದೆಲ್ಲ ಲೀಲಾಳಿಗೆ ಹೇಳಿದರೆ ಅವಳು ಹೊಲಿಗೆ ನೋಯುವಷ್ಟು ನಕ್ಕಳು. "ಅವ್ವ, ಇಲ್ಲಿ ಆಸ್ಪತ್ರೇಲಿ ನೆನಪಿಗೆ ಅಂತ ಕೂಸಿನ ಅಂಗಾಲಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿ ಕೊಟ್ಟಾರೆ. ನಿನ್ನ ಮೊಮ್ಮಗಳೂ ಹೆಬ್ಬೆಟ್ಟು!" ಆ ಮಾತನ್ನು ಕೇಳಿ ನಾನೂ ನಕ್ಕೆ. ಅಷ್ಟು ವರ್ಷ ಚುಚ್ಚಿದ ಮುಳ್ಳನ್ನು ಒಂದು ಹಸುಗೂಸು ಕಾಲಿಂದ ಒದ್ದು ಕಿತ್ತಿತ್ತು.

ಪಾಸ್‌ಪೋರ್ಟನ್ನು ಬೆಂಗಳೂರಿನಲ್ಲೇ ಇಟ್ಟುಕೊಂಡಿದ್ದರು. ಮತ್ತೆ ಬೆರಳಿಗೆ ಕರೆದರೆ ಎಂದು ನಾನು ರೊಟ್ಟಿ ತಟ್ಟದೇ ಇದ್ದೆ. ಗಂಜಿ ಉಂಡು ಸೊರಗಿದ ನಮ್ಮ ಮನೆಯವರ ಮುಖ ನೋಡಲಾರದೆ ಇಂದು ಡಬ್ಬಿ ತೆಗೆದದ್ದು. ಹಿಟ್ಟು ನಾದಿದ್ದೆನಷ್ಟೇ, ಬಾಗಿಲಲ್ಲಿ ಕೊರಿಯರ್ ಹುಡುಗ. ಕೈಯಲ್ಲಿ ದಪ್ಪನೆಯ ಕವರು.

"ಅಮ್ಮ, ಫೋನಿನ ಮೇಲೆ ಸೈನ್ ಮಾಡ್ರಿ."

"ಪೆನ್ನು ಕೊಡಪ್ಪ."

"ಪೆನ್ನು ಯಾಕ್ರಿ? ಬೆರಳಲ್ಲೇ ಬರೀರಿ."

ಹಿಟ್ಟು ಮೆತ್ತಿದ್ದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬರೆಯತೊಡಗಿದೆ. ಹುಡುಗ ಗಡಿಬಿಡಿಯಲ್ಲಿದ್ದ. "ಸುಮ್ನೆ ಗೀಚಿದ್ರೂ ನಡೀತೈತ್ರಿ." "ನಂಗೆ ನಡೆಯಂಗಿಲ್ಲಪ್ಪ" ಎಂದು ಮ ಬರೆದು, ಕೆಳಗಿಳಿದು, ಒತ್ತನ್ನು ದುಂಡಗೆ ಎಳೆದೆ. ಗಾಜಿನ ಮೇಲೆ ಜೋಳದ ಹಿಟ್ಟು ಸಣ್ಣಗೆ ಅಂಟಿತು.

ಕವರು ಬಿಚ್ಚಲು ನನಗೆ ಧೈರ್ಯವಾಗಲಿಲ್ಲ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಪಾಸ್‌ಪೋರ್ಟಿನ ಹಾಳೆ ಒಂದೊಂದೇ ಮಗುಚಿದರು. ಖಾಲಿ, ಖಾಲಿ, ಖಾಲಿ. ಆಮೇಲೆ ನಿಂತರು.

"ಇಲ್ಲೊಂದು ಕಾಗದ ಅಂಟಿಸ್ಯಾರೆ. ಅದರಾಗೆ ನಿನ್ನ ಮುಖ ಐತಲ್ಲೇ!"

ವೀಸಾ ಬಂದಿತ್ತು. ಆಮೇಲೆ ಅವರು ಕನ್ನಡಕ ತೆಗೆದು ಒರೆಸುತ್ತ, "ಅನ್ನಕ್ಕೆ ನೀರೆಷ್ಟು ಇಡಬೇಕು, ಹೇಳಿಕೊಟ್ಟು ಹೋಗು" ಎಂದರು.

ಕೂಸಿಗೆ ಆಸ್ಪತ್ರೆಯ ಕಾಗದಕ್ಕೆಂದು ಏನೋ ಒಂದು ಹೆಸರು ಬರೆಸಿದ್ದಾರೆ. ತೊಟ್ಟಿಲ ಹೆಸರನ್ನು ಅವ್ವ ಬಂದು ಇಡಲಿ ಎಂದು ಬಿಟ್ಟಿದ್ದಾರೆ. ರೊಟ್ಟಿ ಬೇಯುತ್ತಿರುವಾಗ ಹಲಗೆಯ ಮೇಲೆ ಹಿಟ್ಟು ಹರಡಿ ಒಂದೊಂದೇ ಹೆಸರು ಬರೆದು ನೋಡುತ್ತಿದ್ದೇನೆ. ಒತ್ತಿಲ್ಲದ ಹೆಸರುಗಳನ್ನೆಲ್ಲ ಅಳಿಸಿದೆ. ಆ ಪುಟ್ಟ ಬೆರಳು ಹಿಡಿದು ಬರೆಸುವಾಗ ಅವಳಿಗೂ ಸ್ವಲ್ಪ ಕಷ್ಟವಿರಲಿ, ನನಗೂ ಸ್ವಲ್ಪ ಹೊತ್ತು ಹೆಚ್ಚು ಸಿಗಲಿ.